ಮನೆ ಹಿಂದೇನೇ ಕಾಡು ಇರೋವಾಗ ಬೊಟಾನಿಕಲ್ ಗಾರ್ಡನ್ ಯಾಕೆ?

ಪ್ರಶ್ನೆ: ಮೇಡಂ, ನಮ್ದು ಶಿರಸಿ ಹತ್ರ ಒಂದು ಹಳ್ಳಿ. ಕೆರೆ ಪಕ್ಕ ಎರಡು ಎಕರೆ ಊರ ಜಾಗ ಖಾಲಿ ಬಿದ್ದಿದೆ, ಯುವಕ ಸಂಘದವರು ಸೇರಿ ಬೊಟಾನಿಕಲ್ ಗಾರ್ಡನ್ ಮಾಡೋಣ ಅಂತಿದ್ದೇವೆ. ಹಿರಿಯರು ನಗ್ತಾರೆ. ಮನೆ ಹಿಂದೆ ಬೆಟ್ಟ, ಆಚೆ ಕಾಡು, ಮತ್ತೆ ಗಾರ್ಡನ್ ಯಾಕೋ, ನಾಲ್ಕು ಬೆಂಚು ಒಂದು ಜಾರುಬಂಡಿ ಹಾಕಿ ಪಾರ್ಕ್ ಮಾಡಿ ಅಂತಾರೆ. ಅವ್ರಿಗೆ ಏನು ಹೇಳೋದು?

ಉತ್ತರ: ಹಿರಿಯರು ಕೇಳಿದ್ದು ಸರಿಯಾಗೇ ಇದೆ, ಸಿಟ್ಟು ಮಾಡ್ಕೋಬೇಡಿ. ಗಿಡ ನೋಡೋಕೆ ಅಂತಾದ್ರೆ ನಿಮ್ಮೂರಿಗೆ ಗಾರ್ಡನ್ ಬೇಡವೇ ಬೇಡ.

ಆದ್ರೆ ಒಂದು ಕೇಳ್ತೀನಿ. ಬೆಟ್ಟದಲ್ಲಿರೋ ಆ ರಾಂಪತ್ರೆ (ಕಾಡು ಜಾಯಿಕಾಯಿ) ಮರ ಯಾವ ವರ್ಷ ಹೂ ಬಿಟ್ಟಿತ್ತು, ಅದ್ರ ಬೀಜ ತಂದು ಯಾರ ತೋಟದಲ್ಲಿ ಹಾಕಿದ್ರು, ಅದ್ರಲ್ಲಿ ಎಷ್ಟು ಬದುಕಿದೆ, ಯಾರಿಗಾದ್ರೂ ಗೊತ್ತಾ? ಅಡಿಕೆ ಕ್ವಿಂಟಾಲ್ ಲೆಕ್ಕ ಹತ್ತು ವರ್ಷದ್ದು ಬಾಯಲ್ಲೇ ಹೇಳೋ ಜನ ನಾವು, ಮರದ ಲೆಕ್ಕ ಮಾತ್ರ ಯಾರ ಹತ್ರಾನೂ ಇಲ್ಲ. ಆ ಲೆಕ್ಕ ಇಟ್ಕೊಂಡು ಗಿಡ ಸಾಕೋ ಜಾಗಕ್ಕೇ ಬೊಟಾನಿಕಲ್ ಗಾರ್ಡನ್ ಅನ್ನೋದು. ಒಂದೊಂದು ಗಿಡಕ್ಕೂ ಒಂದು ನಂಬರು, ಮೊದ್ಲು ವರ್ಷ ಆಮೇಲೆ ಕ್ರಮಸಂಖ್ಯೆ, ಆ ನಂಬರಿನ ಎದುರು ಪುಸ್ತಕದಲ್ಲಿ ಬೀಜ ಎಲ್ಲಿಂದ ಬಂತು, ಯಾರು ತಂದ್ರು, ಯಾವತ್ತು ನೆಟ್ರು, ಸತ್ತಿದ್ರೆ ಯಾವಾಗ ಸತ್ತಿತು ಅಂತ ಬರೆದಿರ್ಬೇಕು. ಸತ್ತ ಗಿಡದ ಸಾಲನ್ನ ಹೊಡೆದು ಹಾಕೋ ಹಾಗಿಲ್ಲ, ಆ ನಂಬರನ್ನ ಬೇರೆ ಗಿಡಕ್ಕೆ ಕೊಡೋ ಹಾಗೂ ಇಲ್ಲ.

ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ (ಹೆಸರು ಬೇಡ) ಪೇಂಟಲ್ಲಿ ಬರೆದ ತಗಡಿನ ಬೋರ್ಡುಗಳು ಎರಡೇ ಮಳೆಗಾಲಕ್ಕೆ ತೊಳ್ಕೊಂಡು ಹೋದ್ವು, ಪುಸ್ತಕವೂ ಇರ್ಲಿಲ್ಲ, ಎಷ್ಟೋ ವರ್ಷ ಕಷ್ಟಪಟ್ಟು ಕಲೆ ಹಾಕಿದ ಮರಗಳು ರಾತ್ರೋರಾತ್ರಿ ಬರೀ ನೆರಳಿನ ಮರ ಆಗಿಬಿಟ್ವು. ಅದಕ್ಕೇ ಹೇಳ್ತೀನಿ, ತೆಳು ಅಲ್ಯೂಮಿನಿಯಂ ಪಟ್ಟಿ ತಗೊಂಡು ಅದ್ರ ಮೇಲೆ ಮೊಳೆಯಿಂದ ಒತ್ತಿ ಬರೀರಿ, ಸಡಿಲ ತಂತಿಯಲ್ಲಿ ಕಟ್ಟಿ, ಬಿಗಿದ್ರೆ ಮರ ದಪ್ಪ ಆದಂಗೆ ತಂತಿ ಒಳಗೆ ಹೂತು ಹೋಗ್ತದೆ. ಬೆಂಚಿನ ದುಡ್ಡಲ್ಲಿ ಅರ್ಧ ಇದಕ್ಕೆ ಹಾಕಿದ್ರೂ ನಡೀತದೆ.

ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ನಿಮ್ಗೆಲ್ಲ ಗೊತ್ತು. ಶಾಲೆಗೆ ಹೋಗದ ಹಾಲಕ್ಕಿ ಬುಡಕಟ್ಟಿನ ಅಜ್ಜಿ, ಅರಣ್ಯ ಇಲಾಖೆ ನರ್ಸರಿಯಲ್ಲಿ ದುಡಿದು ಪದ್ಮಶ್ರೀ ತನಕ ಹೋದವರು. ಯಾವ ಜಾತಿಗೆ ಯಾವುದು ತಾಯಿಮರ, ಬೀಜ ಯಾವಾಗ ಆರಿಸ್ಬೇಕು ಅನ್ನೋದೆಲ್ಲ ಅವರ ತಲೆಯಲ್ಲೇ ಇತ್ತು. 2024ರ ಡಿಸೆಂಬರಲ್ಲಿ ಅವರು ತೀರಿಹೋದ್ರು. ಅಷ್ಟು ದೊಡ್ಡ ತಲೆಯಲ್ಲಿ ಇದ್ದಿದ್ರಲ್ಲಿ ಕಾಗದದ ಮೇಲೆ ಬಂದಿದ್ದು ಎಷ್ಟು ಅಂತ ಯೋಚ್ನೆ ಮಾಡಿದ್ರೆ ನಂಗೆ ಹೊಟ್ಟೆ ಉರೀತದೆ. ನಿಮ್ಮೂರಲ್ಲೂ ಇಂಥ ಅಜ್ಜ ಅಜ್ಜಿ ಇಬ್ಬರು ಮೂವರಾದ್ರೂ ಇರ್ತಾರೆ. ಗಾರ್ಡನ್ನಿನ ಕಮಿಟಿಗೆ ಮೊದ್ಲು ಅವ್ರನ್ನ ಹಾಕ್ಕೊಳ್ಳಿ, ಜೊತೆಗೆ ಬರೆಯೋಕೆ ಒಂದು ಕಾಲೇಜ್ ಹುಡುಗಿ. ಪಂಚಾಯ್ತಿಯಲ್ಲಿ 2002ರ ಕಾಯ್ದೆ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು, ದಾಖಲಾತಿ ಬರೆಯೋದು ಅವರದ್ದೂ ಕೆಲಸ, ಕೈ ಜೋಡಿಸಿ.

ಕೇಳಿದ್ದು ಬರೆದುಕೊಂಡು ಹೋದ್ರೆ ಸಾಲದು, ಹೇಳಿದವರಿಗೂ ಪಾಲು ಇರ್ಬೇಕು. ಕೇರಳದ ಪಾಲೋಡಿನ ಸಸ್ಯೋದ್ಯಾನದವರು ಕಾಣಿ ಬುಡಕಟ್ಟಿನವರಿಂದ ಆರೋಗ್ಯಪಚ್ಚ ಅನ್ನೋ ಗಿಡದ ವಿಷಯ ತಿಳ್ಕೊಂಡು ಔಷಧಿ ಮಾಡಿದಾಗ ಲೈಸೆನ್ಸ್ ಹಣದಲ್ಲೂ ರಾಯಲ್ಟಿಯಲ್ಲೂ ಅರ್ಧ ಕಾಣಿಗಳಿಗೆ ಅಂತ ಒಪ್ಪಿದ್ರು. ಆಮೇಲೆ ಅದ್ರಲ್ಲಿ ತಕರಾರೂ ಆಯ್ತು, ಅದು ಬೇರೆ ಮಾತು.

ಹಾಂ, ಚಂದ ಕಾಣ್ತದೆ ಅಂತ ಹೊರಗಿನ ಗಿಡ ತುಂಬಬೇಡಿ. ಇವತ್ತು ನಮ್ಮ ಕಾಡೆಲ್ಲ ಹಬ್ಬಿರೋ ಲಂಟಾನಾ ದೇಶಕ್ಕೆ ಬಂದಿದ್ದೇ ಕಲ್ಕತ್ತದ ಬೊಟಾನಿಕಲ್ ಗಾರ್ಡನ್ ಮೂಲಕ, 19ನೇ ಶತಮಾನದ ಶುರುವಲ್ಲಿ, ಅಲಂಕಾರಕ್ಕೆ ಅಂತ.

ಪ್ರಶ್ನೆ: ನಾನು ಕಾರವಾರದಲ್ಲಿ ಬಿಎಸ್ಸಿ ಓದ್ತಿದ್ದೇನೆ. ಈಗ ಬೀಜ ಬ್ಯಾಂಕ್ ಎಲ್ಲ ಇದೆಯಲ್ಲ, ಅಪರೂಪದ ಗಿಡದ ಬೀಜ ಫ್ರೀಜರಲ್ಲಿ ಇಟ್ರೆ ಆಯ್ತು, ಇಷ್ಟು ಜಾಗ ಇಷ್ಟು ಆಳು ಹಾಕಿ ಗಾರ್ಡನ್ ನಡೆಸೋದು ದಂಡ ಅಲ್ವಾ?

ಉತ್ತರ: ಭತ್ತ, ರಾಗಿ ಆದ್ರೆ ನೀನು ಹೇಳಿದ್ದು ಸರಿ. ಚೆನ್ನಾಗಿ ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿ ಇಟ್ರೆ ಎಷ್ಟೋ ವರ್ಷ ಬಾಳ್ತದೆ, ಇಂಗ್ಲೆಂಡಿನ ಕ್ಯೂ ಗಾರ್ಡನ್‌ನವರು 2000ದಿಂದ ಒಂದು ದೊಡ್ಡ ಬೀಜ ಬ್ಯಾಂಕನ್ನೇ ನಡೆಸ್ತಿದ್ದಾರೆ. ಅಘನಾಶಿನಿ ಹೊಳೆ ದಂಡೆಯ ಗಜನಿ, ಅಂದ್ರೆ ಉಪ್ಪುನೀರಿನ ಗದ್ದೆಯ ಕಗ್ಗ ಭತ್ತ ಕೂಡ ಹಾಗೆ ಇಡಬಹುದು.

ಆದ್ರೆ ನಮ್ಮ ಘಟ್ಟದ ಮರಗಳು ಅಷ್ಟು ಸುಲಭಕ್ಕೆ ಬಗ್ಗೋದಿಲ್ಲ ನೋಡು. ಮಾವು, ಹಲಸು, ಮುರುಗಲು, ರಾಂಪತ್ರೆ ಇವೆಲ್ಲ ಹಸಿ ಬೀಜದ ಜಾತಿ, ಒಣಗಿದ್ರೆ ಸಾಯ್ತದೆ, ಫ್ರೀಜರಿಗೆ ಇಟ್ರೂ ಸಾಯ್ತದೆ. ಮಳೆಗಾಲದಲ್ಲಿ ಹಲಸಿನ ಬೀಜ ಹಣ್ಣಿನೊಳಗೇ ಮೊಳಕೆ ಬಂದಿದ್ದು ಮನೆಯಲ್ಲಿ ನೋಡಿರ್ತೀಯ, ಅದಕ್ಕೆ ಕಾಯೋ ಅಭ್ಯಾಸವೇ ಇಲ್ಲ. ಕಾಳಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಲ್ಲಂತೂ ಕೆಲವು ಜಾತಿ ಮರದ ಮೇಲೇ ಮೊಳೆತು ಕೋಲಿನ ಹಾಗೆ ನೇತಾಡ್ತದೆ, ಅದನ್ನ ಯಾವ ಡಬ್ಬಿಗೆ ತುಂಬ್ತೀಯ?

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಂಪತ್ರೆ ಜಡ್ಡಿ, ಅಂದ್ರೆ ಜೌಗು ಕಾಡು ಇದೆ, ವರ್ಷಪೂರ್ತಿ ಕಾಲಡಿ ನೀರು, ಮಂಡಿ ಮಡಚಿದ ಹಾಗೆ ಬೇರು ಮೇಲೆ ಎದ್ದಿರ್ತದೆ. ಅಲ್ಲಿ ಸಿಕ್ಕಿದ ಒಂದು ಗೇರು ಕುಟುಂಬದ ಮರಕ್ಕೆ 2000ದಲ್ಲಿ ಆ ಕಾನಿನ ಹೆಸರನ್ನೇ ಇಟ್ರು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ. ಅದ್ರಲ್ಲಿ ಗಂಡು ಮರ ಬೇರೆ ಹೆಣ್ಣು ಮರ ಬೇರೆ. ಹಾಗಾಗಿ ಒಂದು ಗಿಡ ತಂದು ನೆಟ್ಟು ಉಳಿಸಿದೆ ಅಂತ ಫೋಟೋ ಹಾಕಿದ್ರೆ ಏನೂ ಉಳಿದ ಹಾಗಲ್ಲ, ಹತ್ತಾರು ಸಸಿ ಬೇಕು, ಬೇರೆ ಬೇರೆ ತಾಯಿಮರದ್ದು ಬೇಕು, ಹೂ ಬಿಡೋ ತನಕ ಯಾವುದು ಗಂಡೋ ಯಾವುದು ಹೆಣ್ಣೋ ಕಾಯ್ಬೇಕು. ಫ್ರೀಜರ್ ಕರೆಂಟ್ ಇದ್ರೆ ನಡೀತದೆ, ಇದಕ್ಕೆ ಮಾಲಿ ಬೇಕು. ಮತ್ತೆ ಹುಮ್ಮಸ್ಸಲ್ಲಿ ಹೋಗಿ ಕಾಡಿಂದ ಬೀಜ ಆರಿಸ್ಕೊಂಡು ಬರ್ಬೇಡ, ಅರಣ್ಯ ಇಲಾಖೆ ಅನುಮತಿ ಬೇಕು.

ಪ್ರಶ್ನೆ: ನಮ್ಮ ತೋಟದ ಅಂಚಲ್ಲಿ ಹೊಳೆ ಪಕ್ಕ ಅಜ್ಜನ ಕಾಲದ ಅಪ್ಪೆಮಿಡಿ ಮರ ಇದೆ. ಈಗ ಬುಡ ಟೊಳ್ಳು. ಆಯಿಗೆ ಆ ಮರದ ಮಿಡಿಯದ್ದೇ ಉಪ್ಪಿನಕಾಯಿ ಆಗ್ಬೇಕು. ಬೀಜ ಹಾಕಿದ್ರೆ ಅದೇ ಪರಿಮಳ ಬರ್ತದಾ?

ಉತ್ತರ: ಬರೋದಿಲ್ಲ, ಬಂದ್ರೆ ಲಾಟರಿ. ಕಸಿಯೇ ಗತಿ. ಹಳೇ ಮರದಲ್ಲಿ ಹೊಸ ಚಿಗುರು ಕಡಿಮೆ, ಅದಕ್ಕೆ ಈಗ್ಲೇ ಮೇಲಿನ ಎರಡು ಕೊಂಬೆ ತುದಿ ಸವರಿಬಿಡಿ. ಬಂದ ಚಿಗುರು ಮೂರು ನಾಲ್ಕು ತಿಂಗಳು ಬಲೀಲಿ, ಕಸಿಗೆ ಅಂತ ಆ ಚಿಗುರಿನ ಕಡ್ಡಿ ತೆಗೆಯೋಕೆ ಎಂಟು ಹತ್ತು ದಿನ ಮುಂಚೆ ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಡಿ, ಆಗ ತುದಿ ಮೊಗ್ಗು ಉಬ್ಬಿಕೊಳ್ತದೆ. ಜೂನಲ್ಲಿ ಕಾಟು ಮಾವಿನ ಗೊರಟು ಮೊಳೆಸಿ, ಎಲೆ ಇನ್ನೂ ತಾಮ್ರದ ಬಣ್ಣ ಇರೋವಾಗ್ಲೇ, ಅಂದ್ರೆ ಹತ್ತು ಹದಿನೈದು ದಿನದ ಸಸಿಗೆ, ಕಡ್ಡಿಯನ್ನ ಬೆಣೆ ಹಾಗೆ ಕೆತ್ತಿ ಸಸಿಯ ಕಾಂಡದ ಸೀಳಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿ. ನಮ್ಮ ಮಳೆಗಾಲದ ತೇವಕ್ಕೆ ಇದು ಚೆನ್ನಾಗಿ ಹಿಡೀತದೆ. ಇಪ್ಪತ್ತು ಕಟ್ಟಿ, ಎಲ್ಲಾ ಬದುಕೋದಿಲ್ಲ.

ಅಪ್ಪೆಮಿಡಿಗೆ 2009ರಲ್ಲೇ ಜಿಐ ಟ್ಯಾಗ್, ಅಂದ್ರೆ ಇದು ಈ ಸೀಮೆಯದ್ದೇ ಅನ್ನೋ ಸರ್ಕಾರಿ ಗುರುತು ಸಿಕ್ಕಿದೆ, ಆದ್ರೆ ಟ್ಯಾಗ್ ಸಿಕ್ತು ಅಂತ ಹೊಳೆ ಬದಿ ಮರ ಹೆಚ್ಚಾಗೋದಿಲ್ಲ, ಮಿಡಿಗೆ ಅಂತ ಕೊಂಬೆಯನ್ನೇ ಕಡಿದು ಬೀಳಿಸೋರು ಇನ್ನೂ ಇದ್ದಾರೆ. ಬದುಕಿದ ಸಸಿಯಲ್ಲಿ ಎರಡು ಮನೆಗೆ ಇಟ್ಕೊಳ್ಳಿ, ಎರಡನ್ನ ಮೇಲಿನ ಪ್ರಶ್ನೆ ಕೇಳಿದ ಸಂಘದಂಥವರಿಗೆ ಕೊಡಿ. ಕೊಡೋವಾಗ ಚೀಟಿಯಲ್ಲಿ ಅಜ್ಜನ ಹೆಸರು, ಹೊಳೆ ಹೆಸರು, ಪರಿಮಳ ಜೀರಿಗೆಯದ್ದೋ ಕರ್ಪೂರದ್ದೋ ಅನ್ನೋದು ಬರೀರಿ. ಆ ಕೊನೇದು ಮಾತ್ರ ಆಯಿ ಹತ್ರ ಕೇಳಿಯೇ ಬರೀರಿ, ನಿಮ್ಮ ಮೂಗು ನಂಬಬೇಡಿ.