ಬ್ರೂಕ್ಲಿನ್ ಬ್ರೌನ್‌ಸ್ಟೋನ್ ಮನೆ ತಗೊಳ್ಳೋ ಮುಂಚೆ ಮೆಟ್ಟಿಲು ನೋಡಿ

ನೋಡಮ್ಮ, ನ್ಯೂಯಾರ್ಕಿನ ಬ್ರೂಕ್ಲಿನ್ ಹೈಟ್ಸಲ್ಲಿ ಹಳೇ ಬ್ರೌನ್‌ಸ್ಟೋನಿನ, ಅಂದ್ರೆ ಮುಂಭಾಗಕ್ಕೆ ಕಂದು ಕಲ್ಲು ಹಾಕಿರೋ ಸಾಲುಮನೆಯ, ಮೇಲಿನ ಮಹಡೀಲಿ ಒನ್ ಬೆಡ್‌ರೂಮ್ ಕೋ-ಆಪ್ ನೋಡಿದೀವಿ, ಬಾಡಿಗೆ ಕಟ್ಟೋ ಬದಲು ತಗೊಂಡುಬಿಡ್ಲಾ, ಮುಂದೆ ಊರಿಗೆ ಹೋದ್ರೆ ಬಾಡಿಗೆಗೆ ಕೊಡಬಹುದಾ, ಅತ್ತೆ ಮಾವ ಬಂದು ಆರು ತಿಂಗಳು ಇರಬಹುದಾ ಅಂತ ಕೇಳಿದೀರ. ನಾನು ಅದೇ ಏರಿಯಾದಲ್ಲಿ ಅಂಥದ್ದೇ ಮನೇಲಿ ಬಹಳ ವರ್ಷದಿಂದ ಇದೀನಿ, ಹಾಗಾಗಿ ಹೇಳ್ತೀನಿ.

ಕೋ-ಆಪ್ ಅಂದ್ರೆ ಬೆಂಗಳೂರಿನ ಫ್ಲಾಟ್ ಥರ ಅಲ್ಲ, ನಿಮ್ಮ ಹೆಸರಿಗೆ ಮನೆ ರಿಜಿಸ್ಟರ್ ಆಗಲ್ಲ. ಕಟ್ಟಡ ಒಂದು ಕಾರ್ಪೊರೇಷನ್ ಹೆಸರಲ್ಲಿರುತ್ತೆ, ನೀವು ಅದರ ಶೇರು ತಗೋತೀರ, ಜೊತೆಗೆ ಆ ಮನೇಲಿರೋಕೆ ಪ್ರೊಪ್ರೈಟರಿ ಲೀಸ್ ಕೊಡ್ತಾರೆ. ತಿಂಗಳ ಮೇಂಟೆನೆನ್ಸಲ್ಲಿ ಪ್ರಾಪರ್ಟಿ ಟ್ಯಾಕ್ಸು, ಕಟ್ಟಡದ ಮೇಲೆ ಸಾಲ ಇದ್ರೆ ಅದರ ಕಂತು ಎಲ್ಲಾ ಸೇರಿರುತ್ತೆ, ಅದಕ್ಕೇ ಜಾಸ್ತಿ ಅನ್ಸುತ್ತೆ. ಕಟ್ಟಡ ನೋಡ್ಕೊಳ್ಳೋಕೆ ಶೇರುದಾರರು ಆರಿಸಿರೋ ಬೋರ್ಡಿನವರು ಬ್ಯಾಂಕ್ ಸ್ಟೇಟ್‌ಮೆಂಟು, ಟ್ಯಾಕ್ಸ್ ರಿಟರ್ನು, ಪರಿಚಯದವರ ಪತ್ರ ಎಲ್ಲಾ ಇಸ್ಕೊಂಡು ಆಮೇಲೆ ಇಂಟರ್‌ವ್ಯೂಗೆ ಕರೀತಾರೆ, ಹೆಣ್ಣು ನೋಡೋಕೆ ಬಂದವರ ಮುಂದೆ ಕೂತ ಹಾಗೇ ಇರುತ್ತೆ, ಬೇಡ ಅಂದ್ರೆ ಯಾಕೆ ಅಂತಾನೂ ಹೇಳಬೇಕಾಗಿಲ್ಲ. ಡೌನ್ ಪೇಮೆಂಟ್ ಸಾಮಾನ್ಯವಾಗಿ 20% ಆದ್ರೂ ಬೇಕು, ಬೆಲೆ 10 ಲಕ್ಷ ಡಾಲರ್ ಮುಟ್ಟಿದ್ರೆ ಕೊಳ್ಳೋರ ಮೇಲೆ ಮ್ಯಾನ್ಶನ್ ಟ್ಯಾಕ್ಸು ಅಂತ ದುಬಾರಿ ಮನೆ ತೆರಿಗೆ ಬೇರೆ. ಎಚ್1 ಕೆಲಸದ ವೀಸಾದಲ್ಲಿದ್ರೆ ಸಾಲ ಸಿಗೋ ವಿಷ್ಯ ಬ್ಯಾಂಕಿನವರನ್ನ, ಲಾಯರನ್ನ ಕೇಳಿ.

ಬಾಡಿಗೆಗೆ ಕೊಡೋದು ಕಷ್ಟ. ಎಷ್ಟೋ ಕಡೆ ಮೊದಲು ಸ್ವಲ್ಪ ವರ್ಷ ನೀವೇ ಇರಬೇಕು, ಆಮೇಲೂ ಬೋರ್ಡ್ ಒಪ್ಪಿದಷ್ಟು ದಿನ ಮಾತ್ರ. ಬಾಡಿಗೆ ಬರ್ತಿರುತ್ತೆ ಅನ್ನೋ ಲೆಕ್ಕದಲ್ಲಿ ತಗೋಬೇಡಿ.

ಇನ್ನು ಮನೆ ಚೆಂದದ ಬಗ್ಗೆ ನಾನು ಹೇಳೋದೇ ಬೇಡ, ನೋಡ್ಕೊಂಡು ಬಂದಿದೀರಲ್ಲ. ನಾನು ಬಂದ ಹೊಸದ್ರಲ್ಲಿ ಫ್ಲಶಿಂಗಲ್ಲಿ ಗಣೇಶನ ದೇವಸ್ಥಾನದ ಹತ್ರ ರೂಮ್ ಮಾಡ್ಕೊಂಡಿದ್ದೆ, ಒಂದು ಭಾನುವಾರ ಇಲ್ಲಿನ ನದಿ ದಂಡೆಯ ಪ್ರೊಮೆನೇಡ್ ನೋಡೋಕೆ ಅಂತ ಬಂದವನು ಆರೆಂಜ್ ಸ್ಟ್ರೀಟು, ಪೈನಾಪಲ್ ಸ್ಟ್ರೀಟೆಲ್ಲಾ ಸುತ್ತಿ, ಇದ್ರೆ ಇಲ್ಲೇ ಇರಬೇಕು, ಅಮ್ಮನ್ನೂ ಇಲ್ಲಿಗೇ ಕರ್ಕೊಂಡು ಬರಬೇಕು ಅಂದ್ಕೊಂಡೆ. 1965ರಲ್ಲಿ ನ್ಯೂಯಾರ್ಕ್ ಸಿಟಿ ಮೊಟ್ಟಮೊದಲು ಹಿಸ್ಟಾರಿಕ್ ಡಿಸ್ಟ್ರಿಕ್ಟ್, ಅಂದ್ರೆ ಹಳೇ ಕಟ್ಟಡಗಳನ್ನ ಕಾಪಾಡೋ ಪ್ರದೇಶ, ಅಂತ ಮಾಡಿದ್ದು ಇದನ್ನೇ. ಇವತ್ತಿಗೂ ಸಂಜೆ ನಮ್ಮ ಬೀದಿಗೆ ತಿರುಗಿದ್ರೆ ನಂಗೆ ಹೆಮ್ಮೆ ಆಗುತ್ತೆ. ಆದ್ರೆ ಆ ಕಂದು ಕಲ್ಲು ಮೆತ್ತಗಿನ ಕಲ್ಲು, ನೀರು ಹೊಕ್ಕು ಹೆಪ್ಪುಗಟ್ಟಿದ್ರೆ ಪದರ ಪದರ ಎದ್ದು ಬರುತ್ತೆ, ಮುಂದಿನ ಕಿಟಕಿ ಬದಲಾಯಿಸ್ಬೇಕಾದ್ರೂ ಇಂಥ ಹಳೇ ಕಟ್ಟಡಗಳನ್ನ ನೋಡ್ಕೊಳ್ಳೋ ಸಿಟಿಯ ಲ್ಯಾಂಡ್‌ಮಾರ್ಕ್ಸ್ ಕಮಿಷನ್ ಪರ್ಮಿಟ್ ಬೇಕು. ನಾಲ್ಕೈದು ಮನೆಯವರೇ ಇರೋ ಕಟ್ಟಡದಲ್ಲಿ ಬಾಯ್ಲರ್ ಕೆಟ್ರೆ, ಸೂರು ಸೋರಿದ್ರೆ ಖರ್ಚು ಆ ನಾಲ್ಕೈದು ಮನೆ ಮೇಲೇ ಬೀಳೋದು. ಚಪ್ಪಲಿ ಬಾಗಿಲಾಚೆ ಬಿಡೋ ಅಭ್ಯಾಸಾನೂ ಬಿಡಬೇಕು, ಹಾಲ್‌ವೇಲಿ ಏನೂ ಇಡೋ ಹಾಗಿಲ್ಲ.

ಅತ್ತೆ ಮಾವ ಬಂದು ಇರೋದಕ್ಕೆ ಬೋರ್ಡಿಗೆ ಒಂದು ಮಾತು ಹೇಳಿದ್ರೆ ಸಾಮಾನ್ಯವಾಗಿ ತಕರಾರು ಬರಲ್ಲ. ತಕರಾರು ಬರೋದು ಮೆಟ್ಟಿಲಿಂದ. ನನ್ನಮ್ಮ ಮೈಸೂರಿಂದ ಅಕ್ಟೋಬರಲ್ಲಿ ಬಂದ್ರು. ಬೀದಿಯಿಂದ ಬಾಗಿಲಿಗೇ ಒಂದು ಸಾಲು ಕಲ್ಲಿನ ಮೆಟ್ಟಿಲು, ಒಳಗೆ ಹೋದ್ರೆ ಇಕ್ಕಟ್ಟಾದ ಮರದ ಮೆಟ್ಟಿಲು ಸುತ್ತಿಕೊಂಡು ಮೇಲಕ್ಕೆ ಹೋಗುತ್ತೆ, ತಿರುವಲ್ಲಿ ಗೋಡೆಯೊಳಗೆ ಒಂದು ಗೂಡು. ಅಮ್ಮ ಆ ಗೂಡಿನ ಅಂಚು ಹಿಡ್ಕೊಂಡು ಏದುಸಿರು ಬಿಡ್ತಾ "ಇಲ್ಲಿ ದೀಪ ಇಡ್ತಿದ್ರೇನೋ" ಅಂದ್ರು. ಮಂಡಿ ನೋವು ಅವತ್ತೇ ಶುರುವಾಯ್ತು. ಊರಲ್ಲಿ ಬೆಳಿಗ್ಗೆ ಹೂವು ಕಿತ್ಕೊಂಡು, ದೇವಸ್ಥಾನಕ್ಕೆ ಹೋಗಿ, ಸೊಪ್ಪಿನವಳ ಹತ್ರ ಚೌಕಾಸಿ ಮಾಡಿ ಬರ್ತಿದ್ದ ಹೆಂಗಸು, ಇಲ್ಲಿ ನಾನು ಆಫೀಸಿಂದ ಬರೋವರೆಗೂ ಕೆಳಗಿಳಿಯೋ ಹಾಗಿರಲಿಲ್ಲ, ಹಿಮ ಬಿದ್ದು ಕಲ್ಲಿನ ಮೆಟ್ಟಿಲು ಜಾರೋಕೆ ಶುರುವಾದ್ಮೇಲೆ ನಾನು ಬಂದ್ಮೇಲೆ ಇಳಿಯೋದೂ ನಿಂತುಹೋಯ್ತು. ಹೀಟ್ ಕೊಡಲೇಬೇಕು ಅಂತ ಕಾನೂನಿದೆ, ಅಕ್ಟೋಬರ್ 1ರಿಂದ ಮೇ 31ರವರೆಗೆ ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಮ್ಮಿಯಾದ್ರೆ ಹಗಲು ಒಳಗೆ 68 ಇರಬೇಕು, ಅಮ್ಮನಿಗೆ ಅದು ಸಾಲ್ತಿರಲಿಲ್ಲ, ಶಾಲು ಹೊದ್ಕೊಂಡು ಕಿಟಕಿ ಹತ್ರ ಕೂತಿರ್ತಿದ್ರು. ಕೇಳಿದ್ರೆ "ನಂಗೇನು ಕಮ್ಮಿಯಾಗಿದೆ ಇಲ್ಲಿ" ಅನ್ನೋರು. ಟಿಕೆಟ್ ದಿನಕ್ಕಿಂತ ಮುಂಚೇನೇ ವಾಪಸ್ ಹೋದ್ರು, ಮತ್ತೆ ಬರಲೇ ಇಲ್ಲ, ಈಗ ಅವರಿಲ್ಲ. ಈ ಕೊರಗು ನಂಗೆ ಹೋಗಲ್ಲ. ಲಿಫ್ಟ್ ಹಾಕ್ಸೋಣ ಅಂದ್ರೆ ಆ ಅಗಲದ ಕಟ್ಟಡದಲ್ಲಿ ಜಾಗಾನೇ ಇಲ್ಲ.

ಅದಕ್ಕೇ ಹೇಳ್ತಿರೋದು, ಇದೇ ಬೀದೀಲಿ ಗಾರ್ಡನ್ ಫ್ಲೋರ್ (ಕಲ್ಲಿನ ಮೆಟ್ಟಿಲು ಹತ್ತದೇ ಹೋಗೋ ಕೆಳಗಿನ ಮನೆ) ಅಥವಾ ಪಾರ್ಲರ್ ಫ್ಲೋರ್ (ಕಲ್ಲಿನ ಮೆಟ್ಟಿಲು ಹತ್ತಿದ ತಕ್ಷಣ ಸಿಗೋ ಮಹಡಿ) ಸಿಗೋವರೆಗೂ ಕಾಯಿರಿ, ಬೆಲೆ ಜಾಸ್ತಿ ಆದ್ರೂ ಪರವಾಗಿಲ್ಲ. ಇಲ್ಲಾಂದ್ರೆ ಕ್ವೀನ್ಸಲ್ಲಿ ಜಾಕ್ಸನ್ ಹೈಟ್ಸ್ ನೋಡಿ, ಅದೂ 1993ರಿಂದ ಹಿಸ್ಟಾರಿಕ್ ಡಿಸ್ಟ್ರಿಕ್ಟೇ, ಮಧ್ಯೆ ತೋಟ ಇಟ್ಟು ಕಟ್ಟಿರೋ ಹಳೇ ಕೋ-ಆಪ್‌ಗಳು, ಎಷ್ಟೋ ಕಡೆ ಲಿಫ್ಟ್ ಇದೆ, 74ನೇ ಸ್ಟ್ರೀಟಲ್ಲಿ ಕರಿಬೇವಿಂದ ಹಿಡಿದು ಎಲ್ಲಾ ಸಿಗುತ್ತೆ, 7 ಟ್ರೇನ್ ಹತ್ತಿದ್ರೆ ಫ್ಲಶಿಂಗಿಗೆ ಹೋಗಿ ದೇವಸ್ಥಾನಕ್ಕೂ ಹೋಗಿಬರಬಹುದು, ಅತ್ತೆ ಮಾವನೇ ಹೋಗಿಬರ್ತಾರೆ.

ಆದ್ರೂ ಈ ಮನೆಯೇ ಬೇಕು ಅಂತಿದ್ರೆ ಸಹಿ ಹಾಕೋ ಮುಂಚೆ ಲಾಯರ್ ಹತ್ರ ಬೋರ್ಡ್ ಮೀಟಿಂಗಿನ ಮಿನಿಟ್ಸು, ಎರಡು ವರ್ಷದ ಲೆಕ್ಕಪತ್ರ ತರಿಸ್ಕೊಂಡು ನಂಗೂ ಕಳಿಸಿ, ಕೂತು ಓದಿ ಹೇಳ್ತೀನಿ.