ಫಿಸಿಕ್ಸ್ ಪಿಎಚ್‌ಡಿ ಆದವರು ಪಾಠ ಮಾಡಿಕೊಂಡೇ ಇರಬೇಕಾ?

ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿ ಕಂಪನಿಗೆ ಹೋದರೆ ಓದಿದ್ದೆಲ್ಲ ದಂಡವಾಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ನಾನೂ ಇದೇ ಭಯ ಹೊತ್ತುಕೊಂಡು ಕಂಪನಿಯ ಲ್ಯಾಬ್ ಸೇರಿದವನು. ಆಗ ನನಗೆ ಧೈರ್ಯ ಕೊಟ್ಟಿದ್ದು ಅಮೆರಿಕದ ಭೌತವಿಜ್ಞಾನಿ ಶೆರ್ಲಿ ಆನ್ ಜಾಕ್ಸನ್ ಅವರ ಬದುಕು.

ಚಿಕ್ಕ ಹುಡುಗಿಯಾಗಿದ್ದಾಗ ಅವರು ದುಂಬಿಗಳನ್ನು ಹಿಡಿದು ಗಾಜಿನ ಜಾಡಿಗಳಲ್ಲಿ ಇಡುತ್ತಿದ್ದರು. ತಿನ್ನಲು ಕೊಡುವುದನ್ನು ಬದಲಿಸಿದರೆ ಅವು ಹೇಗೆ ಆಡುತ್ತವೆ ಅಂತ ನೋಡುತ್ತಿದ್ದರು. 1964ರಲ್ಲಿ ಎಂಐಟಿ (ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಸೇರಿದರು. 1973ರಲ್ಲಿ ಕಣ ಭೌತಶಾಸ್ತ್ರದಲ್ಲಿ, ಅಂದರೆ ವಸ್ತುವಿನ ಅತಿ ಸಣ್ಣ ಕಣಗಳ ಅಧ್ಯಯನದಲ್ಲಿ, ಪಿಎಚ್‌ಡಿ. ಎಂಐಟಿಯಲ್ಲಿ ಪಿಎಚ್‌ಡಿ ಪಡೆದ ಮೊದಲ ಕಪ್ಪು ಮಹಿಳೆ ಅವರು. ಆಮೇಲೆ ಕಣ ಭೌತಶಾಸ್ತ್ರದ ದೊಡ್ಡ ಪ್ರಯೋಗಾಲಯಗಳಾದ ಅಮೆರಿಕದ ಫರ್ಮಿಲ್ಯಾಬ್, ಯುರೋಪಿನ ಸರ್ನ್‌ನಲ್ಲಿ ಕೆಲಸ.

ನೀವು ಗಮನಿಸಬೇಕಾದದ್ದು ಇದರ ನಂತರದ ಹೆಜ್ಜೆ. 1976ರಲ್ಲಿ ಟೆಲಿಫೋನ್ ಕಂಪನಿಯೊಂದರ ಸಂಶೋಧನಾ ಕೇಂದ್ರವಾದ ಬೆಲ್ ಲ್ಯಾಬ್ಸ್‌ಗೆ ಹೋದಾಗ ಅವರು ಕೆಲಸದ ಜಾಗದ ಜೊತೆಗೆ ವಿಷಯವನ್ನೂ ಬದಲಿಸಿದರು. ಕಣಗಳನ್ನು ಬಿಟ್ಟು ಘನವಸ್ತುಗಳ ಕಡೆ ಬಂದರು. ತೆಳು ಪದರಗಳಲ್ಲಿ, ಸೆಮಿಕಂಡಕ್ಟರ್‌ಗಳಲ್ಲಿ (ಚಿಪ್ ಮಾಡಲು ಬಳಸುವ ಸಿಲಿಕಾನ್‌ನಂಥ ವಸ್ತುಗಳು) ಎಲೆಕ್ಟ್ರಾನುಗಳು ಹೇಗೆ ವರ್ತಿಸುತ್ತವೆ ಅನ್ನುವುದು ಅವರ ಕೆಲಸವಾಯಿತು. ಇದು ಪೂರ್ತಿ ಹೊಸದೇನಲ್ಲ, ಪದವಿಯಲ್ಲಿದ್ದಾಗಲೇ ಸೂಪರ್‌ಕಂಡಕ್ಟರ್ (ತಡೆಯಿಲ್ಲದೆ ವಿದ್ಯುತ್ ಹರಿಯುವ ಘನವಸ್ತು) ಬಗ್ಗೆ ಪ್ರಬಂಧ ಬರೆದಿದ್ದರು. ಟೆಲಿಫೋನ್ ಕಂಪನಿಯ ಲ್ಯಾಬ್‌ನಲ್ಲಿ ಕೂತು ಅಪ್ಪಟ ಸಿದ್ಧಾಂತದ ಕೆಲಸ! (ಫೋನ್ ಮಾಡಿದವರ ನಂಬರ್ ತೋರಿಸುವ ಕಾಲರ್ ಐಡಿ ಕಂಡುಹಿಡಿದವರು ಇವರೇ ಅಂತ ಸುಮ್ನೆ ಹರಿದಾಡುವ ಮಾತು ನಂಬಬೇಡಿ. ಮಾಡಿದ ನಿಜವಾದ ಕೆಲಸವೇ ಸಾಕಷ್ಟು ದೊಡ್ಡದು.)

1991ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಅಂದರೆ ಕಂಪನಿಗೆ ಹೋದವರಿಗೆ ವಾಪಸ್ ಬರುವ ಬಾಗಿಲು ಮುಚ್ಚಿರಲಿಲ್ಲ ಅಲ್ವಾ? 1995ರಲ್ಲಿ ಅಧ್ಯಕ್ಷ ಕ್ಲಿಂಟನ್, ಜಾಕ್ಸನ್ ಅವರನ್ನು ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಮುಖ್ಯಸ್ಥರನ್ನಾಗಿ ನೇಮಿಸಿದರು. ನೂರಕ್ಕೂ ಜಾಸ್ತಿ ಪರಮಾಣು ರಿಯಾಕ್ಟರ್‌ಗಳ ಸುರಕ್ಷತೆಯ ಹೊಣೆ ಅದು. ಎಲ್ಲ ನಿಯಮಕ್ಕೂ ಒಂದೇ ತೂಕ ಕೊಡದೆ, ಯಾವ ಭಾಗ ಕೆಡುವ ಸಾಧ್ಯತೆ ಎಷ್ಟು, ಕೆಟ್ಟರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ, ಅಪಾಯ ಹೆಚ್ಚಿರುವ ಕಡೆ ಹೆಚ್ಚು ಗಮನ ಕೊಡುವ ಪದ್ಧತಿಗೆ ಅವರು ಒತ್ತು ಕೊಟ್ಟರು. ನನ್ನ ಕಣ್ಣಿಗೆ ಇದು ಆಡಳಿತಕ್ಕಿಂತ ಜಾಸ್ತಿ ಫಿಸಿಕ್ಸೇ. 1999ರಿಂದ 2022ರವರೆಗೆ ರೆನ್ಸಲೇರ್ ಪಾಲಿಟೆಕ್ನಿಕ್ ಎಂಬ ವಿಶ್ವವಿದ್ಯಾಲಯದ ಅಧ್ಯಕ್ಷೆಯಾಗಿದ್ದರು.

ಹಾಗಾಗಿ ಕಂಪನಿಯ ಹೆಸರು ಆಮೇಲೆ ನೋಡಿ. ಅಲ್ಲಿ ಸಂಶೋಧನಾ ಪೇಪರ್ ಪ್ರಕಟಿಸಲು ಬಿಡುತ್ತಾರಾ ಅಂತ ಸಂದರ್ಶನದಲ್ಲೇ ಕೇಳಿ. ವಿಶ್ವವಿದ್ಯಾಲಯಕ್ಕೆ ವಾಪಸ್ ಬರಬೇಕೆನಿಸಿದಾಗ ಅದೇ ಕೈ ಹಿಡಿಯುವುದು. ನಿಮ್ಮ ಪಿಎಚ್‌ಡಿ ವಿಷಯ ಯಾವುದು ಅಂತ ಬರೆದಿಲ್ಲ. ತಿಳಿಸಿದರೆ ಯಾವ ಬಗೆಯ ಲ್ಯಾಬ್ ಹೊಂದುತ್ತದೆ ಅಂತ ಹೇಳುತ್ತೇನೆ.