ಮಾಡ್ಯುಲೇಟೆಡ್ ಡಿಲೇ ಪೆಡಲ್‌ಗೂ ಸಾದಾ ಡಿಲೇಗೂ ಏನು ವ್ಯತ್ಯಾಸ? ತುಮಕೂರಿನಲ್ಲಿ ಆರ್ಕೆಸ್ಟ್ರಾಗೆ ಗಿಟಾರ್ ನುಡಿಸುತ್ತೇನೆ, ತಗೋಬಹುದಾ?

ಖಂಡಿತ ತಗೊಳ್ಳಿ. ಸಾದಾ ಡಿಲೇ ನೀವು ನುಡಿಸಿದ್ದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಮತ್ತೆ ಕೇಳಿಸುತ್ತದೆ, ಅಷ್ಟೇ. ಮಾಡ್ಯುಲೇಟೆಡ್ ಡಿಲೇಯಲ್ಲಿ ಆ ಮರುದನಿಯ ಶ್ರುತಿ ಚೂರು ಮೇಲೆ ಕೆಳಗೆ ತೂಗುತ್ತಾ ಬರುತ್ತದೆ. ನೀವು ನುಡಿಸಿದ ಸ್ವರ ಮಾತ್ರ ನೆಟ್ಟಗೇ ಇರುತ್ತದೆ. ಅದಕ್ಕೇ ಅದು ಅಷ್ಟು ಚೆಂದ.

ಅನಲಾಗ್ ಪೆಡಲ್‌ಗಳಲ್ಲಿ ಬಕೆಟ್ ಬ್ರಿಗೇಡ್ ಚಿಪ್ ಇರುತ್ತದೆ. ಬೆಂಕಿ ಆರಿಸಲು ಜನ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ವಾ, ಹಾಗೆ ಅದರೊಳಗಿನ ಕೆಪಾಸಿಟರ್‌ಗಳು, ಅಂದರೆ ವಿದ್ಯುತ್ ಚಾರ್ಜ್ ಹಿಡಿದಿಡುವ ಪುಟ್ಟ ಭಾಗಗಳು, ಸಿಗ್ನಲ್ ದಾಟಿಸುತ್ತವೆ. ಹೆಸರಾಂತ ಎಂಎನ್ 3005 ಚಿಪ್‌ನಲ್ಲಿ ಇಂಥ 4096 ಹಂತಗಳಿವೆ. ದಾಟಿಸುವ ವೇಗ ಒಂದು ಕ್ಲಾಕ್‌ನ, ಅಂದರೆ ಒಂದೇ ಸಮನೆ ಮಿಡಿಯುವ ಸರ್ಕ್ಯೂಟ್‌ನ ಕೈಯಲ್ಲಿ. ನಿಧಾನವಾಗಿ ಏರಿಳಿಯುವ ಇನ್ನೊಂದು ಸರ್ಕ್ಯೂಟ್ (ಆಸಿಲೇಟರ್) ಆ ಕ್ಲಾಕ್‌ನ ವೇಗವನ್ನೇ ಅಲುಗಾಡಿಸುತ್ತದೆ. ವೇಗ ಹೆಚ್ಚುತ್ತಿರುವಾಗ ಶ್ರುತಿ ಏರುತ್ತದೆ, ತಗ್ಗುವಾಗ ಇಳಿಯುತ್ತದೆ. ಎಲೆಕ್ಟ್ರೋ-ಹಾರ್ಮೊನಿಕ್ಸ್‌ನ ಡಿಲಕ್ಸ್ ಮೆಮೊರಿ ಮ್ಯಾನ್ ಪೆಡಲ್ ಕೆಲಸ ಮಾಡುವುದು ಹೀಗೆಯೇ. ಡಿಜಿಟಲ್ ಪೆಡಲ್‌ಗಳು ಇದನ್ನೇ ಲೆಕ್ಕ ಹಾಕಿ ಮಾಡುತ್ತವೆ.

ಈಗ ಸ್ಟೇಜ್ ವಿಷಯ. ಗಣೇಶನ ಪೆಂಡಾಲ್‌ನಲ್ಲಿ ಸ್ಪೀಕರ್ ಸದ್ದು ಎದುರಿನ ಕಟ್ಟಡಗಳಿಗೆ ಬಡಿದು ಹೇಗೂ ವಾಪಸ್ ಬರುತ್ತದೆ. ಹಾಗಾಗಿ ಫೀಡ್‌ಬ್ಯಾಕ್ (ಮರುದನಿ ಎಷ್ಟು ಸಲ ಬರಬೇಕು ಅನ್ನೋ ನಾಬ್) ಎರಡು ಮೂರು ಮರುದನಿಗೆ ನಿಲ್ಲುವಷ್ಟಿರಲಿ, ಮಿಕ್ಸ್ (ಮರುದನಿ ಎಷ್ಟು ಜೋರಾಗಿ ಬೆರೆಯಬೇಕು ಅನ್ನೋದು) ಅರ್ಧಕ್ಕಿಂತ ಕಡಿಮೆ. ಡೆಪ್ತ್, ಅಂದರೆ ಶ್ರುತಿ ತೂಗುವ ಪ್ರಮಾಣ, ಜಾಸ್ತಿ ಆದರೆ ಕೀಬೋರ್ಡ್ ಪಕ್ಕದಲ್ಲಿ ನಿಮ್ಮ ಗಿಟಾರ್ ಅಪಶ್ರುತಿ ಅನ್ನಿಸುತ್ತದೆ, ಹುಷಾರು. ನಿಮಿಷಕ್ಕೆ 120 ಬೀಟ್ ಇರುವ ಹಾಡಿಗೆ ಡಿಲೇ 500 ಮಿಲಿಸೆಕೆಂಡ್ ಇಟ್ಟರೆ ತಾಳಕ್ಕೆ ಸರಿಯಾಗಿ ಕೂರುತ್ತದೆ. ಮುಕ್ಕಾಲು ಬೀಟಿಗೆ, ಅಂದರೆ 375 ಇಟ್ಟು ನೋಡಿ, ಅದರ ಮಜವೇ ಬೇರೆ. ಹಾಡಿಂದ ಹಾಡಿಗೆ ವೇಗ ಬದಲಾಗುವುದರಿಂದ, ಟ್ಯಾಪ್ ಟೆಂಪೋ (ತಾಳಕ್ಕೆ ಸ್ವಿಚ್ ಒತ್ತಿ ಡಿಲೇ ಹೊಂದಿಸುವ ಸೌಲಭ್ಯ) ಇರುವ ಪೆಡಲನ್ನೇ ಹುಡುಕಿ.